ರಸಪ್ರಶ್ನೆಗೆ ಬಂದ ಅರಸ

ಸತ್ಯಕ್ಕಾಗಿ ರಾಜ್ಯವನ್ನೇ ಬಿಟ್ಟ ಅರಸನ ಗೊಂಬೆಯನ್ನು ಟಿ.ವಿ. ರಸಪ್ರಶ್ನೆಗೆ ಅತಿಥಿಯಾಗಿ ಕರೆದಿದ್ದರು. ಗೆದ್ದರೆ ಪ್ರತಿ ಭಾನುವಾರ ಗೊಂಬೆಯಾಟಕ್ಕೆ ಅರ್ಧ ಗಂಟೆ ಕೊಡುತ್ತಾರಂತೆ. ನೋಡುವವರಿಲ್ಲದೆ ಸೊರಗಿದ್ದ ಮೇಳ ಹಾಗಾದರೂ ಉಳಿದೀತು.

"ಅರಸ ಸೋತ್ರೆ ಕಳೆ ಇರಲ್ಲ ಯಜಮಾನ್ರೇ," ಎಂದು ನಿರೂಪಕ ಕೊನೆಯ ಪ್ರಶ್ನೆಯ ಉತ್ತರವನ್ನು ಮೊದಲೇ ಗೊಂಬೆಯ ಸೂತ್ರ ಹಿಡಿದು ಮಾತಾಡಿಸುವ ಮರಿರಂಗಯ್ಯನ ಕಿವಿಯಲ್ಲಿ ಉಸುರಿದ್ದ.

"ಈ ಅರಸನ ಬಾಯಲ್ಲಿ ಸುಳ್ಳಾಡಿಸಬಾರದು ಅಂತ ಮಾವನೋರು ಆಣೆ ಮಾಡಿಸ್ಕಂಡೇ ನಿಮ್ ಕೈಗೆ ಸೂತ್ರ ಕೊಟ್ಟಿದ್ದು," ಎಂದಳು ಹೆಂಡತಿ, ತಾಳವನ್ನು ಸೆರಗಿನಲ್ಲಿ ಒರೆಸುತ್ತ.

"ಸರಿಯಾದ ಉತ್ತರ ಹೇಳಿದ್ರೆ ಅದು ಸುಳ್ಳು ಹೆಂಗಾಯ್ತದೆ? ಸುಮ್ಕಿರೇ." ಮರಿರಂಗಯ್ಯ ಅರಸನ ಸೂತ್ರಗಳನ್ನು ಬೆರಳಿಗೆ ಸುತ್ತಿಕೊಂಡ.

ನೇರ ಪ್ರಸಾರ ಶುರುವಾಯಿತು. ಕೊನೆಯ ಪ್ರಶ್ನೆಗೂ ಗೊಂಬೆ ಥಟ್ಟನೆ ಉತ್ತರಿಸಿತು. ಚಪ್ಪಾಳೆಯ ಸದ್ದಿಗೆ ಪರದೆಯ ಹಿಂದೆ ಮರಿರಂಗಯ್ಯ ನಿಟ್ಟುಸಿರುಬಿಟ್ಟ.

ನಿರೂಪಕನಿಗೆ ಹುರುಪೇರಿತು. "ಮಹಾಪ್ರಭುಗಳು ನಿಜ ಹೇಳ್ಬೇಕು ಮತ್ತೆ. ಯಾರಾದ್ರೂ ಉತ್ತರ ಹೇಳಿಕೊಟ್ಟಿದ್ರಾ?"

ಸಭೆ ಗೊಳ್ಳೆಂದು ನಕ್ಕಿತು. ಹೆಂಡತಿಯ ಕೈಯಲ್ಲಿ ತಾಳ ನಿಂತುಹೋಯಿತು.

ಗೊಂಬೆಯ ಬಲಗೈ ಮೆಲ್ಲಗೆ ಮೇಲೆದ್ದು ನಿರೂಪಕನ ಕಡೆಗೆ ಚಾಚಿತು.