ಟೈಮರ್ ಇಳಿಸಿದ ದಿನ

ತೀರಿಹೋದವರ ಮನಸ್ಸುಗಳು ಕಂಪ್ಯೂಟರುಗಳೊಳಗೆ ಬದುಕುತ್ತಿದ್ದ ಧಾರವಾಡದ ಸರ್ವರ್ ಕೋಣೆಯನ್ನು ನೀಲಾಂಬಿಕೆ ನೋಡಿಕೊಳ್ಳುತ್ತಿದ್ದಳು. ಅವಳ ಗಂಡ ಗುರುಪಾದನೂ ಅಲ್ಲೊಂದು ವರ್ಚುವಲ್ ಮೆಷಿನ್‌ನಲ್ಲಿದ್ದ. ಯಂತ್ರಗಳು ಅತಿಯಾಗಿ ಬಿಸಿಯಾಗುತ್ತಿದ್ದುದರಿಂದ, ಒಳಗಿನವರ ಕಾಲವನ್ನು ನಡೆಸುವ ಕರ್ನೆಲ್ ಟೈಮರನ್ನು ಸೆಕೆಂಡಿಗೆ ಸಾವಿರ ಮಿಡಿತದಿಂದ ನೂರಕ್ಕೆ ಇಳಿಸಲು ಆದೇಶ ಬಂತು. ಇನ್ನು ಹೊರಗಿನ ಹತ್ತು ದಿನ ಒಳಗಿನವರಿಗೆ ಒಂದೇ ದಿನ.

“ನಿಮ್ಮದೊಂದು ಮೊದಲಿನಂಗ ಬಿಡ್ತೀನ್ರಿ. ಯಾರಿಗೂ ಗೊತ್ತಾಗಂಗಿಲ್ಲ,” ಎಂದಳು ಗಂಡನಿಗೆ, ಮೈಕಿನಲ್ಲಿ.

ಸ್ಪೀಕರಿನಲ್ಲಿ ಗುರುಪಾದನ ದನಿ ಬಂತು. “ಬ್ಯಾಡ ನೀಲಾ. ಆಜೂಬಾಜೂದವರೆಲ್ಲ ಕಲ್ಲಿನಂಗ ನಿಂತ್ರ ನಾ ಯಾರ ಕೂಡ ಮಾತಾಡ್ಲಿ?”

‘ನನ್ನ ಕೂಡ’ ಎನ್ನಹೊರಟವಳು ಕೀಲಿಮಣೆಯತ್ತ ತಿರುಗಿದಳು. ಅವನದನ್ನೂ ಸೇರಿಸಿ ಎಲ್ಲವನ್ನೂ ನೂರಕ್ಕೆ ಇಳಿಸಿದಳು.

“ಊಟ ಆತೇನು?” ಎಂದು ಅವನು ಕೇಳಿದ. ಅಷ್ಟು ಕೇಳಲು ಅವನಿಗೆ ಕಾಲು ನಿಮಿಷ ಹಿಡಿಯಿತು.

ಊಟದ ಡಬ್ಬಿಯನ್ನು ಅವಳಿನ್ನೂ ತೆರೆದಿರಲಿಲ್ಲ. ಅವನಿಗೆ ತಿಳಿಯಲೆಂದು ಒಂದೊಂದೇ ಅಕ್ಷರವನ್ನು ಎಳೆದೆಳೆದು, “ಆತ್ರೀ” ಎಂದಳು.