ನಮ್ಮನೆ ನಂಬರು

ಒರಳಿನಲ್ಲಿ ಉದ್ದು ಇನ್ನೂ ನುಣ್ಣಗಾಗಿರಲಿಲ್ಲ, ಅಷ್ಟರಲ್ಲಿ ನಡುಮನೆಯಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಹಿಟ್ಟಿನ ಬಲಗೈಯನ್ನು ಹಾಗೇ ಎತ್ತಿ ಹಿಡಿದು ಓಡಿದ ಅಲಮೇಲು ಎಡಗೈಯಲ್ಲಿ ರಿಸೀವರ್ ಎತ್ತಿಕೊಂಡಳು.

"ಜಗದಾಂಬಾ ಇದಾರಾ?" ವಯಸ್ಸಾದ ಹೆಂಗಸಿನ ದನಿ.

"ಇಲ್ಲ, ಇದು ಲಕ್ಷ್ಮೀಪತಿಯವರ ಮನೆ. ಬಸವೇಶ್ವರನಗರ."

"ಅಯ್ಯೋ, ಹೋದ ವರ್ಷ ಇದೇ ನಂಬರಲ್ಲಿ ಸಿಗ್ತಿದ್ರಲ್ಲಮ್ಮ."

ಫೋನ್ ಇಡಲು ಹೋದ ಅಲಮೇಲುವಿನ ಕೈ ತಡೆಯಿತು. ಫೋನು ಬಂದು ತಿಂಗಳಾಗಿತ್ತು. ಡಯಲ್ಲಿನ ನಡುವೆ ನಂಬರು ಬರೆಯುವ ಬಿಳಿ ಬಿಲ್ಲೆ ಇನ್ನೂ ಖಾಲಿ. ಡಯಲ್ ತಿರುಗದಂತೆ ಅದರ ತೂತಿನಲ್ಲಿ ಪುಟ್ಟ ಬೀಗ, ಬೀಗದ ಕೀಲಿ ಗಂಡನ ಜೇಬಿನಲ್ಲಿ. ನಂಬರು ಕೇಳಿದರೆ ಲಕ್ಷ್ಮೀಪತಿ, "ಇದು ಟೆಂಪರರಿ ಕಣೇ. ಪರ್ಮನೆಂಟ್ ನಂಬರ್ ಬರ್ಲಿ, ಹೇಳ್ತೀನಿ" ಎಂದಿದ್ದ. ಆದರೆ ಸಂಜೆಯಾದರೆ ಸಾಕು, ಅವನ ಆಫೀಸಿನವರ ಫೋನು ಬರುತ್ತಿತ್ತು. ಅವರಿಗೆ ಹೇಗೆ ಗೊತ್ತು ಎಂದರೆ, "ಅದೆಲ್ಲ ಎಕ್ಸ್‌ಚೇಂಜ್ ವಿಷಯ, ನಿನಗೆ ತಿಳಿಯಲ್ಲ." ತನಗೇ ತಿಳಿಯದೇನೋ, ಅವನೇ ತಿಳಿಸುತ್ತಿಲ್ಲವೇನೋ, ಯಾವುದೆಂದು ಗೊತ್ತಾಗದೆ ಅವಳು ಸುಮ್ಮನಾಗಿದ್ದಳು. ತಿಪಟೂರಿನಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಳು. ಅಪ್ಪ ಹೋದಾಗ ತಂತಿ ಕೈಸೇರಿ ಇವಳು ಊರು ಮುಟ್ಟುವಷ್ಟರಲ್ಲಿ ಚಿತೆ ಆರಿತ್ತು. ಈ ಸಲ ಫೋನೇ ಮಾಡುತ್ತೇನೆ, ನಂಬರು ಕಳಿಸು ಎಂದು ಅಣ್ಣ ಬರೆಯುತ್ತಲೇ ಇದ್ದ.

"ಅಮ್ಮಾ, ನೀವು ಯಾವ ನಂಬರಿಗೆ ಮಾಡಿದ್ರಿ?"

"ಚೆನ್ನಾಯ್ತು, ನಿಮ್ಮನೆ ನಂಬರ್ ನನ್ನ ಕೇಳ್ತೀರಲ್ಲ." ಆಕೆ ನಕ್ಕಳು. ಅಲಮೇಲು ನಗಲಿಲ್ಲ. ಆ ಕಡೆಯ ನಗುವೂ ನಿಂತಿತು. "ಬರ್ಕೊಳ್ಳಮ್ಮ, ಹೇಳ್ತೀನಿ."

ಪೆನ್ನು ಹುಡುಕುವಷ್ಟರಲ್ಲಿ ಎಲ್ಲಿ ಇಟ್ಟುಬಿಡುತ್ತಾಳೋ ಎಂದು ಅಲಮೇಲು ಅಲ್ಲೇ ಕುಕ್ಕರಿಸಿ, ಹಿಟ್ಟಿನ ಬೆರಳಿನಿಂದ ಕೆಂಪು ನೆಲದ ಮೇಲೆ ಅಂಕಿಗಳನ್ನು ಬರೆದಳು. ಬರೆದ ಮೇಲೆ ಮತ್ತೆ ಅನುಮಾನ. ಆಕೆ ತಪ್ಪಾಗಿ ತಿರುಗಿಸಿ ಇಲ್ಲಿಗೆ ಬಂದಿದ್ದರೆ? ಇದು ಇನ್ಯಾರದೋ ಮನೆಯ ನಂಬರಾದರೆ?

"ಒಂದ್ ಉಪಕಾರ ಮಾಡ್ತೀರಾ? ಇಟ್ಬಿಟ್ಟು, ಇದೇ ನಂಬರಿಗೆ ಇನ್ನೊಂದ್ಸಲ ನೋಡ್ಕೊಂಡು ತಿರುಗ್ಸಿ."

"ಎಂಥಾ ಮನೆಯಮ್ಮ ನಿಮ್ದು," ಎನ್ನುತ್ತಲೇ ಆಕೆ ಇಟ್ಟಳು.

ನೆಲದ ಮೇಲಿನ ಅಂಕಿಗಳ ಅಂಚು ಒಣಗತೊಡಗಿತು. ಗುರುತಿಲ್ಲದವಳಿಗಾಗಿ ಆಕೆ ಯಾಕಾದರೂ ಮತ್ತೆ ಮಾಡಿಯಾಳು? ಅಲಮೇಲು ಎದ್ದು ಒರಳಿನ ಕಡೆ ತಿರುಗಿದಳು. ಫೋನು ಹೊಡೆದುಕೊಂಡಿತು. ಹಿಟ್ಟಿನ ಕೈಯಲ್ಲೇ ಬಾಚಿ ಎತ್ತಿಕೊಂಡಳು.

"ನಾನೇ ಕಣಮ್ಮ. ನೋಡ್ಕೊಂಡೇ ತಿರುಗ್ಸಿದೀನಿ. ನಿಮ್ದೇ ನಂಬರು."

ಸಂಜೆ ಲಕ್ಷ್ಮೀಪತಿ ಬರುವ ಹೊತ್ತಿಗೆ ಅಂಕಿಗಳು ಬಾಯಿಪಾಠವಾಗಿದ್ದವು, ನೆಲ ಒರೆಸಿಯಾಗಿತ್ತು.

"ಇದಕ್ಕೇನೇ ಹಿಟ್ಟು ಮೆತ್ಕೊಂಡಿದೆ?" ಅವನು ರಿಸೀವರ್ ತಿರುಗಿಸಿ ನೋಡಿದ. "ಯಾರಾದ್ರೂ ಮಾಡಿದ್ರಾ?"

"ಯಾರೋ, ಜಗದಾಂಬಾ ಬೇಕು ಅಂದ್ರು."

"ರಾಂಗ್ ನಂಬರ್ ಇರ್ಬೇಕು."

ಬೆಳಿಗ್ಗೆ ಹಾಲು ತರಲು ಹೋಗುವಾಗ, ಅಣ್ಣನಿಗೆ ನಂಬರು ಬರೆದ ಕಾರ್ಡನ್ನು ಅಂಚೆ ಡಬ್ಬಿಗೆ ಹಾಕುವುದೆಂದು ಅವಳು ಆಗಲೇ ನಿಶ್ಚಯಿಸಿದ್ದಳು.

"ಪರ್ಮನೆಂಟ್ ನಂಬರ್ ಯಾವಾಗ ಬರತ್ತಂತೆ?" ಎಂದು ಕೇಳಿದಳು.

"ಬರತ್ತೆ ಬಿಡೇ."

ಅಲಮೇಲು ಒದ್ದೆ ಬಟ್ಟೆ ತಂದು ರಿಸೀವರ್ ಒರೆಸಿದಳು. ಖಾಲಿ ಬಿಲ್ಲೆಯನ್ನೂ ತಿಕ್ಕಿ ಬೆಳ್ಳಗೆ ಮಾಡಿದಳು.

"ನಿಧಾನವಾಗೇ ಬರ್ಲಿ ಬಿಡಿ," ಎಂದಳು.