ಗೋಡೆಗೆ ಕೇಳದ್ದು

ಸಾಕ್ಷಿಗಳ ನೆನಪನ್ನು ಗೋಡೆಯ ಮೇಲೆ ತೋರಿಸುವುದು ಧಾರವಾಡದ ಕೋರ್ಟಿನಲ್ಲಿ ಈಗ ದಿನನಿತ್ಯದ ಕೆಲಸ. ಚಿತ್ರ ಮಾತ್ರ ಬರುತ್ತದೆ, ಸದ್ದು ಬರುವುದಿಲ್ಲ.

ಸಹೋದ್ಯೋಗಿ ಲಾಕಪ್ಪಿನಲ್ಲಿ ಕೈದಿಯೊಬ್ಬನನ್ನು ಹೊಡೆದು ಕೊಂದದ್ದನ್ನು ‘ನೋಡಿಲ್ಲ’ ಎಂದು ಸುಳ್ಳು ಹೇಳಿದ್ದಕ್ಕೆ ಎಸ್‌ಐ ಫಕೀರಪ್ಪ ಗುಡಗೇರಿಯನ್ನು ವಜಾ ಮಾಡಿದ್ದರು. ಅವನ ಮೇಲ್ಮನವಿಯ ದಿನ, ಆ ಹೊತ್ತಿನ ಅವನ ನೆನಪಾಗಿ ಗೋಡೆಯ ಮೇಲೆ ಕಂಡದ್ದು ಠಾಣೆಯ ಕಿಟಕಿ, ಹೊರಗೆ ಒಣಗಲು ಹಾಕಿದ ಸಮವಸ್ತ್ರ, ಅಷ್ಟೇ.

“ಇವರು ನಿಜವಾಗ್ಲೂ ನೋಡಿಲ್ಲ. ವಜಾ ರದ್ದು ಮಾಡಬೇಕಾಗ್ತದೆ,” ಎಂದರು ನ್ಯಾಯಾಧೀಶೆ.

ಸತ್ತವನ ತಾಯಿ ಹಿಂದಿನ ಬೆಂಚಿನಿಂದೆದ್ದು ಬಾಗಿಲ ಕಡೆ ನಡೆದಳು. ಗುಡಗೇರಿಗೆ ತಡೆದುಕೊಳ್ಳಲಾಗಲಿಲ್ಲ.

“ಮೇಡಂ, ನಿಮ್ಮ ಗ್ವಾಡಿಗೆ ಕೇಳಂಗಿಲ್ರೀ. ನನಗ ಕೇಳಿಸ್ತಿತ್ತು. ‘ಯಣ್ಣಾ, ಬಿಡಸೋ’ ಅಂತ ನನ್ನನ್ನ ಕರೀತಿದ್ದ. ಅದಕ್ಕ ಮಾರಿ ತಿರುವಿ ನಿಂತಿದ್ದೆ.”

ಬಾಗಿಲು ದಾಟುತ್ತಿದ್ದ ತಾಯಿ ಅದನ್ನು ಕೇಳಿ ತಿರುಗಿ ನೋಡಿದಳು. ವಜಾ ಖಾಯಂ ಆಯಿತು. ಹೊರಗೆ ಆ ತಾಯಿ ಅವನಿಗಾಗಿ ಕಾದು ನಿಂತಿದ್ದಳು.

“ಮತ್ತೇನಂದ, ನನ್ನ ಮಗ?” ಎಂದು ಕೇಳಿದಳು.